ದೆಹಲಿಯಲ್ಲಿ ಬೇಡವಾದ ಡೀಸೆಲ್ ಕಾರು ನಮ್ಮೂರಲ್ಲಿ ‘ಒಳ್ಳೆ ಡೀಲ್’ ಆಗಿದ್ದು ಹೇಗೆ? ಕೊಳ್ಳುವ ಮುನ್ನ ತಿಳಿದಿರಲಿ

‘ದೆಹಲಿ ಗಾಡಿ, ಸಿಂಗಲ್ ಓನರ್, ಟಾಪ್ ಮಾಡೆಲ್ ಡೀಸೆಲ್, ಎನ್‌ಒಸಿ ರೆಡಿ.’ ಹಳೆ ಕಾರುಗಳ ಯಾವ ವಾಟ್ಸಾಪ್ ಗುಂಪಿಗೆ ಹೋದರೂ ಈ ಸಾಲು ಕಣ್ಣಿಗೆ ಬೀಳುತ್ತೆ. ಕರ್ನಾಟಕದಲ್ಲೇ ನೋಂದಣಿಯಾದ ಅದೇ ಮಾಡೆಲ್‌ಗಿಂತ ಬೆಲೆ ಎದ್ದು ಕಾಣುವಷ್ಟು ಕಮ್ಮಿ. ಮೊದಲ ಕಾರು ಕೊಳ್ಳಲು ಹೊರಟವರಿಗೆ ಆಸೆಯಾಗೋದು ಸಹಜ. ಆದರೆ ಆ ಬೆಲೆಯ ಹಿಂದೆ ಕೋರ್ಟು, ತೆರಿಗೆ ಮತ್ತು ಹೊಗೆಯ ರಾಜಕೀಯ ಇದೆ. ಅದನ್ನು ತಿಳಿಯದೆ ಮುಂಗಡ ಕೊಟ್ಟರೆ ಉಳಿತಾಯ ಅಂದುಕೊಂಡದ್ದು ಸಾಲವಾಗಬಹುದು.

ಅಷ್ಟು ಅಗ್ಗ ಯಾಕೆ?

10 ವರ್ಷ ದಾಟಿದ ಡೀಸೆಲ್ ವಾಹನಗಳು ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದಲ್ಲಿ ಓಡಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರ ಏಪ್ರಿಲ್‌ನಲ್ಲಿ ಆದೇಶಿಸಿತು. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಜಾರಿಗೊಳಿಸುವಂತೆ ಹೇಳಿತು. 2025ರ ಆಗಸ್ಟ್‌ನಲ್ಲಿ, ವಯಸ್ಸಾಗಿದೆ ಎಂಬ ಕಾರಣಕ್ಕೇ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದು ಅದೇ ಕೋರ್ಟ್ ತಡೆ ಕೊಟ್ಟಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆ ಬಿಎಸ್-4 ಮತ್ತು ನಂತರದ ವಾಹನಗಳಿಗಷ್ಟೇ ಸೀಮಿತವಾಯಿತು.

ನಿಯಮ ಹೀಗೆ ಮತ್ತೆ ಮತ್ತೆ ಬದಲಾಗುವಾಗ ಅಲ್ಲಿನ ಮಾಲೀಕ ಸಿಕ್ಕ ಬೆಲೆಗೆ ಮಾರಲು ನೋಡುತ್ತಾನೆ. ನಿಷೇಧ ಇರುವುದು ಆ ವಲಯದಲ್ಲಿ ಮಾತ್ರ. ಸಾಮಾನ್ಯ ಕಾನೂನಿನಂತೆ ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯಸ್ಸು, ಆಮೇಲೆ ಯೋಗ್ಯತಾ ಪರೀಕ್ಷೆ ಪಾಸಾದರೆ 5 ವರ್ಷಕ್ಕೊಮ್ಮೆ ನವೀಕರಣ. ಹಾಗಾಗಿ ಎನ್‌ಒಸಿ ಹಿಡಿದು ಕಾರು ದಕ್ಷಿಣದ ಕಡೆ ಹೊರಡುತ್ತೆ. ಒಂದು ನೆನಪಿರಲಿ: 11 ವರ್ಷದ ಕಾರು ಕೊಂಡರೆ ನಿಮ್ಮ ಕೈಗೆ ಬರೋದು 4 ವರ್ಷದ ನೋಂದಣಿ ಅಷ್ಟೇ.

ಡೀಸೆಲ್ ಈಗಲೂ ಲಾಭವೇ?

2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿತ್ತು, ಡೀಸೆಲ್ 41ರ ಆಸುಪಾಸಿನಲ್ಲಿತ್ತು. ರೈತರಿಗೆ, ಲಾರಿಗಳಿಗೆ ಅಂತ ಸರ್ಕಾರ ತಗ್ಗಿಸಿಟ್ಟ ಬೆಲೆಯ ಲಾಭ ಕಾರಿನವರಿಗೂ ಸಿಕ್ಕಿತು. ಡೀಸೆಲ್ ಕಾರಿನ ಕ್ರೇಜ್ ಹುಟ್ಟಿದ್ದೇ ಆ ಅಂತರದಿಂದ. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆ ಪೂರ್ತಿ ನಿಯಂತ್ರಣಮುಕ್ತವಾಯಿತು. ಕರ್ನಾಟಕ ಸರ್ಕಾರ 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 18.44ರಿಂದ 21.17ಕ್ಕೆ ಏರಿಸಿದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ ಸುಮಾರು 91, ಪೆಟ್ರೋಲ್ ಸುಮಾರು 103 ರೂಪಾಯಿ ಆಯಿತು. ಅಂತರ ಬರೀ 12 ರೂಪಾಯಿ.

ಲೆಕ್ಕ ಹಾಕೋಣ. ಪೆಟ್ರೋಲ್ ಕಾರು ಲೀಟರ್‌ಗೆ 15, ಡೀಸೆಲ್ ಕಾರು 20 ಕಿ.ಮೀ. ಕೊಡುತ್ತೆ ಅಂತಿಟ್ಟುಕೊಳ್ಳಿ. ಮೇಲಿನ ದರದಲ್ಲಿ ಕಿಲೋಮೀಟರ್‌ಗೆ ಉಳಿಯೋದು ಸುಮಾರು 2 ರೂಪಾಯಿ 30 ಪೈಸೆ. ವರ್ಷಕ್ಕೆ 8,000 ಕಿ.ಮೀ. ಓಡಿಸುವವರಿಗೆ 18,000 ರೂಪಾಯಿಯಷ್ಟು ಉಳಿಯಬಹುದು. ಇಂಜೆಕ್ಟರ್, ಟರ್ಬೊ, ಕ್ಲಚ್ ಇವುಗಳಲ್ಲಿ ಒಂದು ಕೈಕೊಟ್ಟರೂ ಆ ಹಣ ಗ್ಯಾರೇಜಿಗೇ. ಅದೇ ವರ್ಷಕ್ಕೆ 25,000 ಕಿ.ಮೀ. ಹೆದ್ದಾರಿಯಲ್ಲಿ ಓಡಿಸುವವರಿಗೆ ಡೀಸೆಲ್ ಈಗಲೂ ಸರಿ ಹೊಂದುತ್ತೆ.

ಕಾಗದ ಮೊದಲು, ಕಾರು ಆಮೇಲೆ

- ಪರಿವಾಹನ್ ಪೋರ್ಟಲ್‌ನಲ್ಲಿ ನಂಬರ್ ಹಾಕಿ. ಎಷ್ಟನೇ ಮಾಲೀಕರು, ಬ್ಲ್ಯಾಕ್‌ಲಿಸ್ಟ್ ಆಗಿದೆಯಾ, ಸಾಲ ಬಾಕಿ ಇದೆಯಾ, ಇ-ಚಲನ್ ಎಷ್ಟಿದೆ ನೋಡಿ. ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿ ಜತೆ ತಾಳೆಯಾಗಬೇಕು.
- ಮಾಲೀಕತ್ವ ವರ್ಗಾವಣೆಗೆ ಫಾರಂ 29 ಮತ್ತು 30. ಸಾಲ ತೀರಿದ್ದಕ್ಕೆ ಬ್ಯಾಂಕ್ ಸಹಿಯಿರುವ ಫಾರಂ 35. ಹೊರ ರಾಜ್ಯದ ಎನ್‌ಒಸಿಗೆ ಫಾರಂ 28. ಎನ್‌ಒಸಿ ಯಾವ ಆರ್‌ಟಿಒ ಹೆಸರಿಗಿದೆ ಅನ್ನೋದನ್ನೂ ಓದಿ.
- ಡೀಲರ್ ಬಳಿ ಕೊಳ್ಳುವುದಾದರೆ, 2023ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ ಆರ್‌ಟಿಒ ಕೊಟ್ಟ ಅಧಿಕೃತ ಪ್ರಮಾಣಪತ್ರ ಕೇಳಿ.
- ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಿ. ಇಲ್ಲದಿದ್ದರೆ ನಿಮ್ಮ ಕಾರಿಗಾದ ಹಾನಿಗೆ ಕ್ಲೇಮು ಸಿಗೋದು ಕಷ್ಟ.

ಇನ್ನು ದೆಹಲಿ ಗಾಡಿಯ ನಿಜವಾದ ಲೆಕ್ಕ. ಬೇರೆ ರಾಜ್ಯದ ವಾಹನ 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇದ್ದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 47ರಂತೆ ಕೆಎ ನಂಬರ್ ಪಡೆಯಲೇಬೇಕು. ಜತೆಗೆ ಆಜೀವ ತೆರಿಗೆ. ಕರ್ನಾಟಕದಲ್ಲಿ ಅದು ಕಾರಿನ ಮೂಲ ಬೆಲೆಯ ಮೇಲೆ ಶೇ. 13ರಿಂದ 18ರವರೆಗೆ ಇದೆ, ವಯಸ್ಸಿಗೆ ತಕ್ಕಂತೆ ಕಡಿತ ಸಿಗುತ್ತೆ. ಗಮನಿಸಿ, ಲೆಕ್ಕ ಶುರುವಾಗೋದು ನೀವು ಕೊಟ್ಟ ಬೆಲೆಯಿಂದಲ್ಲ, ಹೊಸತಿದ್ದಾಗಿನ ಬೆಲೆಯಿಂದ. ಆದ್ದರಿಂದ ಆರ್‌ಟಿಒದಲ್ಲಿ ಮೊತ್ತ ಕೇಳಿಕೊಂಡ ಮೇಲೆಯೇ ಚೌಕಾಸಿಗೆ ಕೂರಿ.

ಬಾನೆಟ್ ಎತ್ತಿದಾಗ

ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ನೀವು ಹೋಗುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಅನುಮಾನಪಡಿ. ಕಪ್ಪು ಹೊಗೆ ಬಂದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ನೀಲಿ ಹೊಗೆ ಅಂದ್ರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ಸಡಿಲಿಸಿದರೆ ಬುಸುಬುಸು ಹೊಗೆ ಹೊಮ್ಮುತ್ತಾ? ಒಳಗೆ ಪಿಸ್ಟನ್ ರಿಂಗ್ ಸವೆದಿರುವ ಲಕ್ಷಣ ಅದು. ಸೀಟ್ ಬೆಲ್ಟ್ ಪೂರ್ತಿ ಎಳೆದಾಗ ಕೆಸರಿನ ಕಲೆ ಕಂಡರೆ ಕಾರು ನೀರಲ್ಲಿ ಮುಳುಗಿದ್ದಿರಬಹುದು. ಮೀಟರ್ ನಂಬಬೇಡಿ, ಸರ್ವಿಸ್ ದಾಖಲೆ ಕೇಳಿ.

2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಆದರೆ ಇನ್ನೊಂದು ಪ್ರಶ್ನೆ ಇದೆ. ಇವುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತೆ. ಕಾರು ಒಂದಷ್ಟು ಹೊತ್ತು ವೇಗವಾಗಿ ಓಡಿದಾಗ ಆ ಮಸಿ ಸುಟ್ಟುಹೋಗಬೇಕು. ದಿನಾ ಟ್ರಾಫಿಕ್‌ನಲ್ಲಿ ನಾಲ್ಕು ಕಿಲೋಮೀಟರ್ ಓಡುವ ಕಾರಿನಲ್ಲಿ ಅದು ಕಟ್ಟಿಕೊಳ್ಳುತ್ತೆ. ಖರ್ಚಿಗೆ ಹೆದರಿ ಕೆಲವರು ಫಿಲ್ಟರನ್ನೇ ಕಿತ್ತುಹಾಕಿಸುತ್ತಾರೆ. ಅಂಥ ಕಾರು ಬೇಡವೇ ಬೇಡ.

ಮಾರುವವರಿಗೂ ಒಂದು ಮಾತು

ದುಡ್ಡು ಎಣಿಸಿಕೊಂಡು ಕೀಲಿ ಕೊಟ್ಟ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಕೈಯಿಂದ ಕೈಗೆ ದಾಟಿದ್ದ ವಾಹನವೊಂದು ಅಪಘಾತ ಮಾಡಿದ ಪ್ರಕರಣದಲ್ಲಿ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಹೇಳಿತು. ‘ಟ್ರಾನ್ಸ್‌ಫರ್ ಆಮೇಲೆ ಮಾಡಿಸ್ಕೊತೀನಿ ಬಿಡಿ’ ಅನ್ನೋ ಮಾತಿಗೆ ಒಪ್ಪಬೇಡಿ. ಕಾನೂನು ಮಾರುವವರಿಗೆ ರಾಜ್ಯದೊಳಗಾದರೆ 14 ದಿನ, ಕೊಳ್ಳುವವರಿಗೆ 30 ದಿನದ ಗಡುವು ಕೊಟ್ಟಿದೆ.

ಹೊಗೆ ಎಲ್ಲಿ ಹೋಯಿತು?

ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ವರ್ಗೀಕರಿಸಿದೆ. ಅದು ದೆಹಲಿಯ ಶ್ವಾಸಕೋಶಕ್ಕೂ ಹುಬ್ಬಳ್ಳಿಯ ಶ್ವಾಸಕೋಶಕ್ಕೂ ಒಂದೇ. ರಾಜಧಾನಿಯ ಗಾಳಿಗೆ ಕೆಟ್ಟದ್ದು ಅಂತ ಹೊರಹಾಕಿದ ಎಂಜಿನ್ ಜಿಲ್ಲಾ ಕೇಂದ್ರದ ಶಾಲೆ ಮುಂದೆ ನಿಂತಾಗ ಸಮಸ್ಯೆ ಬಗೆಹರಿದಿಲ್ಲ, ವಿಳಾಸ ಬದಲಾಯಿಸಿದೆ. ಹಳೆ ಕಾರು ಕೊಳ್ಳುವವರನ್ನು ದೂರಿ ಪ್ರಯೋಜನವಿಲ್ಲ. ಸಂಜೆ ಎಂಟರ ನಂತರ ಬಸ್ಸೇ ಬರದ ಊರಿನಲ್ಲಿ ಕಾರು ಶೋಕಿಯಲ್ಲ. ವಯಸ್ಸಿನ ಬದಲು ಹೊಗೆಯನ್ನೇ ಅಳೆಯುವ ಪ್ರಾಮಾಣಿಕ ಪರೀಕ್ಷೆ ಮತ್ತು ಹೊತ್ತಿಗೆ ಸರಿಯಾಗಿ ಬರುವ ಬಸ್ಸು, ಇವೆರಡನ್ನೂ ಸರ್ಕಾರದ ಬಳಿ ಕೇಳಬೇಕಾದವರು ನಾವು. ಅಲ್ಲಿಯವರೆಗೆ ಕಾರು ಕೊಳ್ಳಲೇಬೇಕಾದರೆ ಕಾಗದ ಓದಿ, ತಣ್ಣಗಿನ ಎಂಜಿನ್ ನೋಡಿ, ತೆರಿಗೆ ಕೂಡಿಸಿ. ಆಮೇಲೂ ಅಗ್ಗ ಅನ್ನಿಸಿದರೆ ಮಾತ್ರ ಅಗ್ಗ.