ಬಾವಿ ಎಲ್ಲರದು, ಹೂಳೆತ್ತುವವರು ಯಾರು?

ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ದೊರೆತ, ಸುಮಾರು ಐದನೇ ಶತಮಾನದ ಕಲ್ಲಿನ ಬರಹವನ್ನು ಲಿಪಿ ಬಲ್ಲವರು ಇಂದಿಗೂ ಓದುತ್ತಾರೆ. ಆದರೆ ಇಪ್ಪತ್ತು ವರ್ಷಗಳ ಹಿಂದೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಡಿಟಿಪಿ ಅಂಗಡಿಗಳಲ್ಲಿ ಟೈಪಾದ ಕನ್ನಡ ಕಡತವನ್ನು ಇಂದು ತೆರೆದರೆ, ಎಷ್ಟೋ ಸಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಎದುರಾಗುತ್ತದೆ. ಹೀಗೇಕಾಯಿತು? ಇದಕ್ಕೆ ಉತ್ತರ ಲಿನಕ್ಸ್‌ನ ಚರಿತ್ರೆಯೊಂದಿಗೆ ಹೆಣೆದುಕೊಂಡಿದೆ.

ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಅದಕ್ಕೆ ಹೊಂದುವ ತಿರುಳನ್ನು ಬರೆದರು. ಯಾರೂ ಬಳಸಬಹುದು, ಒಳಗನ್ನು ನೋಡಿ ತಿದ್ದಬಹುದು, ಹಂಚಬಹುದು. ಹಂಚುವವರು ಅದೇ ಹಕ್ಕನ್ನು ಮುಂದಿನವರಿಗೂ ಕೊಡಬೇಕು. ಇದು ಅದರ ಪರವಾನಗಿಯ ಸಾರ. ವಕ್ಫ್ ಮಾಡಿದ ಬಾವಿಯನ್ನು ಬಲ್ಲ ನಮಗೆ ಈ ಮಾತು ಹೊಸದಲ್ಲ.

1993ರಲ್ಲಿ ಡೆಬಿಯನ್, 2004ರಲ್ಲಿ ಉಬುಂಟು ಬಂದವು. 2011ರವರೆಗೆ ಉಬುಂಟು ಸಿಡಿಗಳು ಕೇಳಿದವರಿಗೆ ಅಂಚೆಯಲ್ಲಿ ಉಚಿತವಾಗಿ ಬರುತ್ತಿದ್ದವು. ಪರವಾನಗಿಗೆ ಹಣವಿಲ್ಲ, ವೈರಸ್ ಕಾಟ ಕಡಿಮೆ, ಹಗುರ ಆವೃತ್ತಿಗಳು ಹಳೆಯ ಯಂತ್ರದಲ್ಲೂ ಓಡುತ್ತವೆ. ಯಾವ ಕಂಪನಿಯ ಅಪ್ಪಣೆಗೂ ಕಾಯದೆ ಸ್ವಯಂಸೇವಕರು ಮೆನುಗಳನ್ನು ಕನ್ನಡಕ್ಕೆ ತಂದರು.

ಹಾಗಾದರೆ ಅಂಗಡಿಗಳೇಕೆ ವಿಂಡೋಸ್ ಬಿಡಲಿಲ್ಲ? ನುಡಿ ತಂತ್ರಾಂಶ ಉಚಿತವೇ ಆಗಿದ್ದರೂ ವಿಂಡೋಸ್‌ಗೆಂದು ತಯಾರಾದದ್ದು. ಪೇಜ್‌ಮೇಕರ್ ಕೂಡ ಲಿನಕ್ಸ್‌ಗೆ ಬರಲಿಲ್ಲ. ಉರ್ದು ಮುದ್ರಣದ ಇನ್‌ಪೇಜ್‌ನ ಕಥೆಯೂ ಅದೇ. ಪ್ರಿಂಟರ್, ಮೋಡೆಮ್ ಕೈಕೊಟ್ಟರೆ ಸರಿಪಡಿಸಬಲ್ಲವರು ಊರಲ್ಲಿ ಸಿಗುವುದು ಕಷ್ಟವಿತ್ತು. ಅಕ್ಷರಗಳೂ ಯೂನಿಕೋಡ್ ಬದಲು ಆಯಾ ಫಾಂಟಿನ ಸಂಕೇತದಲ್ಲೇ ಉಳಿದವು. ಆ ಫಾಂಟ್ ಇಲ್ಲದ ಕಡೆ ಕನ್ನಡ ಕನ್ನಡವಾಗಿ ಉಳಿಯಲಿಲ್ಲ.

ಗಡಿಯಾಚೆಯ ಕಾಸರಗೋಡನ್ನು ನೋಡಿ. ಕೇರಳ ಸರ್ಕಾರ 2000ದ ದಶಕದಲ್ಲಿ ಶಾಲೆಗಳ ಕಂಪ್ಯೂಟರ್ ಕಲಿಕೆಯನ್ನು ಲಿನಕ್ಸ್‌ಗೆ ತಂದಿತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿತರು. ಪಠ್ಯ, ತರಬೇತಿ, ಪರೀಕ್ಷೆ ಮೂರೂ ಒಂದೇ ದಾರಿಯಲ್ಲಿ ಸಾಗಿದವು. ಕರ್ನಾಟಕದಲ್ಲೂ 2011ರ ನಂತರ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ತರಬೇತಿ ನಡೆಯಿತು. ಆದರೆ ಅದರ ಬೆನ್ನಿಗೆ ಅಂಥ ಪರೀಕ್ಷೆ ಇರಲಿಲ್ಲ. ಬಾವಿ ತೋಡಿದರೆ ಸಾಲದು, ಹೂಳೆತ್ತುವವರೂ ಬೇಕು. ಮುಕ್ತ ತಂತ್ರಾಂಶದ ಬಲವೂ ದೌರ್ಬಲ್ಯವೂ ಇದೇ.

ಇಂದು ಯೂನಿಕೋಡ್‌ನಿಂದ ಕನ್ನಡ ಎಲ್ಲ ಯಂತ್ರಗಳಲ್ಲೂ ಮೂಡುತ್ತದೆ. ಉರ್ದುವಿಗೆ 2014ರಲ್ಲಿ ನೋಟೊ ನಸ್ತಲೀಖ್ ಎಂಬ ಮುಕ್ತ ಫಾಂಟ್ ಬಂತು. ಉಳಿದಿರುವುದು ನಮ್ಮ ಪಾಲಿನ ಕೆಲಸ. ಮಸೀದಿ ಕಮಿಟಿಗಳ ದಾಖಲೆ, ಶಾಲೆಗಳ ಸ್ಮರಣ ಸಂಚಿಕೆ, ಊರ ಲೇಖಕರ ಹಸ್ತಪ್ರತಿ ಹಳೆಯ ಸಿಡಿಗಳಲ್ಲಿ ಸೊರಗುತ್ತಿವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳಿವೆ. ಸಿಡಿಗಳು ಕೆಡುವ ಮುನ್ನ ಕಂಪ್ಯೂಟರ್ ಬಲ್ಲ ನಮ್ಮ ಯುವಕ ಯುವತಿಯರು ಈ ಕೆಲಸಕ್ಕೆ ಕೈಹಾಕಲಿ.