ದೂರದರ್ಶಕಕ್ಕೆ ಮೂರು ಕಾಲು: ಅರ್ಧ ಟನ್ನಿನಿಂದ ಒಂದೂವರೆ ಕಿಲೋವರೆಗೆ

ಹರದನಹಳ್ಳಿಯಿಂದ ಪೂರ್ವಕ್ಕೆ ನೋಡಿದರೆ ಬಿಳಿಗಿರಿರಂಗನ ಬೆಟ್ಟಗಳ ಸಾಲು. ಗುಂಡ್ಲುಪೇಟೆ ದಾಟಿದರೆ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಅದರಾಚೆ ಬಂಡೀಪುರ, ಮೋಯಾರ್ ಕಮರಿ. ಚಾಮರಾಜನಗರ ಜಿಲ್ಲೆಯ ಹೆಚ್ಚುಕಮ್ಮಿ ಅರ್ಧ ಭಾಗ ಕಾಡು. ಆ ಕಾಡಿನೊಳಗೆ ಮನಸ್ಸು ಬಂದ ಕಡೆ ನಡೆಯುವಂತಿಲ್ಲ, ನಡೆಯಲೂಬಾರದು. ಹಾಗಾಗಿ ಇಲ್ಲಿ ಪ್ರಾಣಿ ಪಕ್ಷಿ ನೋಡುವುದೆಂದರೆ ಬಹುಪಾಲು ದೂರದಿಂದ ನೋಡುವುದು: ಕೆರೆ ಏರಿಯಿಂದ, ಬೆಟ್ಟದ ನೆತ್ತಿಯಿಂದ, ಕಮರಿಯ ಈಚೆ ದಡದಿಂದ. ಎಂಟು ಪಟ್ಟು ಹಿಗ್ಗಿಸುವ ಬೈನಾಕ್ಯುಲರ್ ಅಲ್ಲಿ ಸಾಲದು. ಇಪ್ಪತ್ತರಿಂದ ಅರವತ್ತು ಪಟ್ಟಿನ ಸ್ಪಾಟಿಂಗ್ ಸ್ಕೋಪ್ ಬೇಕು. ಅದನ್ನು ಕೈಯಲ್ಲಿ ಹಿಡಿದು ನೋಡಲಾಗುವುದಿಲ್ಲ, ಟ್ರೈಪಾಡ್ ಬೇಕೇ ಬೇಕು. ಮಸೂರಗಳ ಬಗ್ಗೆ ನಮ್ಮಲ್ಲಿ ಮಾತಾಡುವವರು ಬೇಕಾದಷ್ಟು ಜನ. ಅವನ್ನು ಹೊತ್ತು ನಿಲ್ಲುವ ಕಾಲುಗಳ ಕಥೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಆ ಕಥೆಗೆ ಇನ್ನೂರು ವರ್ಷದ ವಯಸ್ಸಿದೆ, ಅದರ ಮೊದಲ ಅಧ್ಯಾಯ ನಡೆದದ್ದೂ ನಮ್ಮ ನೆಲದಲ್ಲೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯುವ ಕೆಲಸಕ್ಕೆ ಕಾಲಿನ್ ಮೆಕೆಂಜಿ ಇಳಿದ. ಅದೇ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು ನೋಡಿದ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಅಳೆದ ರೇಖೆಯಿಂದ ತ್ರಿಕೋನಮಿತಿಯ ಮಹಾಸರ್ವೆ ಶುರುವಾಯಿತು. ಅದಕ್ಕಾಗಿ ಲಂಡನ್ನಿನಲ್ಲಿ ಕೇರಿ ಎಂಬಾತ ಮಾಡಿಕೊಟ್ಟ ಕೋನ ಅಳೆಯುವ ಮಹಾ ಥಿಯೊಡೊಲೈಟಿನ ತೂಕ ಸುಮಾರು ಅರ್ಧ ಟನ್. ತರುವ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್ಸಿಗೆ ಒಯ್ದರು, ಆಮೇಲೆ ಉಪಕರಣವನ್ನು ಮರ್ಯಾದೆಯಿಂದಲೇ ಹಿಂದಿರುಗಿಸಿದರು. ಲ್ಯಾಂಬ್ಟನ್ ಮೈಸೂರಿನ ಮೇಲೆ ಹಾದು ಮಂಗಳೂರು ಕರಾವಳಿಯವರೆಗೆ ತ್ರಿಕೋನಗಳನ್ನು ಹೆಣೆದ. ನಾನೂರು ಮೈಲಿ ಅಗಲ ಎಂದುಕೊಂಡಿದ್ದ ಪರ್ಯಾಯದ್ವೀಪ 360 ಮೈಲಿಯಷ್ಟೇ ಎಂದು ಗೊತ್ತಾದದ್ದು ಹೀಗೆ. 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು ಆ ಯಂತ್ರ ಗೋಡೆಗೆ ಬಡಿಯಿತು. ಲ್ಯಾಂಬ್ಟನ್ ವಾರಗಟ್ಟಲೆ ಕೂತು ತನ್ನ ಕೈಯಾರೆ ಅದನ್ನು ಸರಿಮಾಡಿದ.

ಆ ಕಾಲದ ಸರ್ವೆಯವರಿಗೆ ನೋಟ ಅಲುಗಬಾರದು ಎನ್ನುವುದೊಂದೇ ಲೆಕ್ಕ. ಎಷ್ಟು ಭಾರವಾದರೂ ಹೊರಲು ಆಳುಗಳಿದ್ದರು. ಸಣ್ಣ ಥಿಯೊಡೊಲೈಟುಗಳಿಗೆ ಮರದ ಮೂರು ಕಾಲು, ತುದಿಗೆ ಕಬ್ಬಿಣದ ಮೊನೆ. ಜಮೀನು ಅಳೆಯಲು ಊರಿಗೆ ಬರುವ ಸರ್ವೆಯರ್ ಜೊತೆ ಅಂಥ ಮರದ ಕಾಲುಗಳನ್ನು ನಮ್ಮ ರೈತರು ಈಗಲೂ ನೋಡಿರುತ್ತಾರೆ. ಮರ ಬಿಸಿಲಿಗೆ ಹೆಚ್ಚು ಹಿಗ್ಗುವುದಿಲ್ಲ, ಕಂಪನವನ್ನು ಬೇಗ ನುಂಗಿಕೊಳ್ಳುತ್ತದೆ. ಆ ಗುಣವನ್ನು ಮೀರಿಸುವ ವಸ್ತು ಸಿಗಲು ಬಹಳ ಕಾಲ ಹಿಡಿಯಿತು.

ವನ್ಯಜೀವಿ ನೋಡುವವರ ಕೈಗೆ ಟ್ರೈಪಾಡ್ ತಡವಾಗಿ ಬಂದದ್ದಕ್ಕೆ ಬೇರೆಯೇ ಕಾರಣವಿದೆ. ಚಾಮರಾಜನಗರ ಸೀಮೆಯಲ್ಲಿ 1874ರಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಸಿದ ಬ್ರಿಟಿಷ್ ಅಧಿಕಾರಿ ಸಾಂಡರ್ಸನ್ ಆಗಲಿ, ಬಿಳಿಗಿರಿಯ ಹೊನ್ನಮೇಟಿ ಕಾಫಿ ತೋಟದ ಆರ್.ಸಿ. ಮಾರಿಸ್ ಆಗಲಿ, ಪ್ರಾಣಿಯನ್ನು ಹತ್ತಿರದಿಂದ ಅರಿತದ್ದು ಬೇಟೆಯ ಮೂಲಕ. 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆಂದು ಸಲೀಂ ಅಲಿ ಈ ಬೆಟ್ಟಗಳಿಗೆ ಬಂದಾಗಲೂ ಹಕ್ಕಿಯನ್ನು ಹೊಡೆದು ಚರ್ಮ ಸಂಗ್ರಹಿಸುವುದೇ ಅಧ್ಯಯನದ ರೂಢಿ. ಹಕ್ಕಿ ಅಂಗೈಯಲ್ಲಿದ್ದ ಮೇಲೆ ದೂರದರ್ಶಕ ಯಾಕೆ? 1894ರಲ್ಲಿ ಜರ್ಮನಿಯ ಜೈಸ್ ಕಂಪನಿ ಪ್ರಿಸಂ ಬೈನಾಕ್ಯುಲರನ್ನು ಮಾರುಕಟ್ಟೆಗೆ ತಂದಿತ್ತು, ಆದರೂ ಕೊನೆಯ ಸಾಕ್ಷಿ ಕೋವಿಯದೇ ಆಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಮರುವರ್ಷ ಬಂಡೀಪುರಕ್ಕೆ ಬಂದ ಹುಲಿ ಯೋಜನೆ, ಇವೆರಡರಿಂದ ನೋಟ ಬದಲಾಯಿತು. ಕೊಲ್ಲದೆ ಗುರುತಿಸಬೇಕು, ಮುಟ್ಟದೆ ಎಣಿಸಬೇಕು ಎಂದಾಗ ಸ್ಕೋಪಿಗೂ ಅದರ ಕಾಲಿಗೂ ಕೆಲಸ ಹುಟ್ಟಿತು.

1987ರಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ಆರಂಭವಾದ ಮೇಲೆ ಜನವರಿಯಲ್ಲಿ ಕೆರೆ ಏರಿಗಳ ಮೇಲೆ ಹಕ್ಕಿ ಎಣಿಸುವವರು ಕಾಣಿಸತೊಡಗಿದರು. ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಕೆಲವು ಹೆಬ್ಬಾತುಗಳ ಕೊರಳಿಗೆ ಮಂಗೋಲಿಯಾದಲ್ಲಿ ಸಂಶೋಧಕರು ಪ್ಲಾಸ್ಟಿಕ್ ಪಟ್ಟಿ ತೊಡಿಸಿರುತ್ತಾರೆ, ಅದರ ಮೇಲೆ ಅಕ್ಷರ ಮತ್ತು ಅಂಕಿ. ಅದನ್ನು ಸರಿಯಾಗಿ ಓದಿದರೆ ಹಕ್ಕಿ ಎಲ್ಲಿಂದ ಹೊರಟು ಎಲ್ಲಿಗೆ ಬಂತು ಎಂಬುದು ತಿಳಿಯುತ್ತದೆ. ಹಿಂಡು ನೀರಿನ ನಡುವೆ, ನಾವು ಏರಿಯ ಮೇಲೆ. 40 ಪಟ್ಟಿನಲ್ಲಿ ನೋಡಿದರೆ 800 ಮೀಟರ್ ದೂರದ ಹಕ್ಕಿ 20 ಮೀಟರಿನಲ್ಲಿ ಇದ್ದಂತೆ ಕಾಣುತ್ತದೆ ನಿಜ. ಆದರೆ 40 ಸೆಂಟಿಮೀಟರ್ ಉದ್ದದ ಸ್ಕೋಪಿನ ಮೂತಿ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ಅಲುಗಿದರೂ, ನೋಟದಲ್ಲಿ ಆ ಅಲುಗಾಟ ಚಂದ್ರಬಿಂಬದ ಅಗಲಕ್ಕಿಂತ ತುಸು ಹೆಚ್ಚೇ ಆಗುತ್ತದೆ. 3 ಇದ್ದದ್ದು 8 ಆಗಲು ಅಷ್ಟು ಸಾಕು. ಲಕ್ಷ ರೂಪಾಯಿಯ ಸ್ಕೋಪನ್ನು ಮದುವೆ ವಿಡಿಯೊಗೆಂದು ಕೊಂಡ ಹಗುರ ಟ್ರೈಪಾಡಿನ ಮೇಲೆ ಕೂರಿಸುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮರದಿಂದ ಲೋಹಕ್ಕೆ ದಾಟಿಸಿದವರು ಛಾಯಾಗ್ರಾಹಕರು. ಫ್ರಾನ್ಸಿನ ಗಿಟ್ಜೊ 1917ರಲ್ಲಿ ಹುಟ್ಟಿದ ಕಂಪನಿ. ಇಟಲಿಯ ಲಿನೊ ಮ್ಯಾನ್‌ಫ್ರೊಟ್ಟೊ 1970ರ ದಶಕದಲ್ಲಿ ತಂದ ಅಲ್ಯೂಮಿನಿಯಂ ಟ್ರೈಪಾಡುಗಳು ಗಟ್ಟಿತನವನ್ನು ಕೈಗೆಟುಕುವ ಬೆಲೆಗೆ ಇಳಿಸಿದವು. ತೂಕ ಮಾತ್ರ, ಉಪಕರಣವನ್ನು ಕೂರಿಸಿ ತಿರುಗಿಸುವ ತಲೆಯೂ ಸೇರಿ, ಮೂರು ಕಿಲೋ ಮುಟ್ಟುತ್ತಿತ್ತು. 1994ರಲ್ಲಿ ಗಿಟ್ಜೊ ಕಾರ್ಬನ್ ಫೈಬರಿನ ಕಾಲು ಮಾಡಿತು. ಇದು ವಿಮಾನ ಲೋಕದಿಂದ ಬಂದ ವಸ್ತು, ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ ತೇಜಸ್ ವಿಮಾನದ ಭಾಗಗಳನ್ನು ಮಾಡಿದ್ದೂ ಇಂಥದ್ದರಿಂದಲೇ. ಅಲ್ಯೂಮಿನಿಯಂ ಸಾಂದ್ರತೆ ನೀರಿನ 2.7 ಪಟ್ಟು, ಕಾರ್ಬನ್ ಸಂಯುಕ್ತದ್ದು 1.6 ಪಟ್ಟಿನ ಆಸುಪಾಸು. ತೂಕ ಇಳಿಯಿತು, ಜೊತೆಗೆ ಮರದಂತೆ ಕಂಪನ ನುಂಗುವ ಗುಣವೂ ಮರಳಿ ಬಂತು. ಆಮೇಲೆ ಚೀನಾದ ಸಿರೂಯಿ, ಬೆನ್ರೊ ಬಂದು ಬೆಲೆ ಇಳಿಸಿದವು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಹಗುರ ಮಾಡುವ ಹುರುಪಿನಲ್ಲಿ ಕಂಪನಿಗಳು ಕಾಲನ್ನು ನಾಲ್ಕೈದು ತುಂಡು ಮಾಡಿ ಒಂದರೊಳಗೊಂದು ತೂರಿಸಿದವು. ಮಡಚಿದರೆ ಚೀಲದೊಳಗೆ ಅಡಗುತ್ತದೆ, ಕೊಳ್ಳುವವರಿಗೆ ಖುಷಿ. ಆದರೆ ಕೊಳವೆಯ ಗೋಡೆ ಅಷ್ಟೇ ದಪ್ಪವಿದ್ದು ವ್ಯಾಸ 28 ಮಿಲಿಮೀಟರಿನಿಂದ 22ಕ್ಕೆ ಇಳಿದರೆ ಬಾಗದೆ ನಿಲ್ಲುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ನಡುಗಂಬ ಎತ್ತಿದರಂತೂ ಮೂರು ಕಾಲಿನ ಮೇಲೆ ಒಂಟಿ ಕಾಲು ನಿಲ್ಲಿಸಿದಂತೆ. ಪೆಟ್ಟಿಗೆಯ ಮೇಲೆ ಬರೆದ ‘ಹತ್ತು ಕಿಲೋ ಹೊರುತ್ತದೆ’ ಎಂಬ ಮಾತು ಮುರಿಯುವುದಿಲ್ಲ ಎಂದಷ್ಟೇ ಹೇಳುತ್ತದೆ, ನಡುಗುವುದಿಲ್ಲ ಎಂದು ಹೇಳುವುದಿಲ್ಲ.

ತಲೆಯ ಇತಿಹಾಸ ಚಿಕ್ಕದು. 1940ರ ದಶಕದಲ್ಲಿ ಆಸ್ಟ್ರೇಲಿಯಾದ ಎರಿಕ್ ಮಿಲ್ಲರ್ ಸಿನಿಮಾ ಕ್ಯಾಮೆರಾಗಳಿಗೆಂದು ಒಳಗೆ ದ್ರವ ತುಂಬಿದ ತಲೆ, ಅಂದರೆ ಫ್ಲೂಯಿಡ್ ಹೆಡ್, ರೂಪಿಸಿದ. ಒಂದೇ ಹಿಡಿಯಿಂದ ನಯವಾಗಿ ಆ ಕಡೆ ಈ ಕಡೆ ತಿರುಗಿಸಿ, ಬಿಟ್ಟಲ್ಲೇ ನಿಲ್ಲಿಸಬಹುದು. ಹಾರುವ ಹಕ್ಕಿಯನ್ನು ಹಿಂಬಾಲಿಸಲು ಇದಕ್ಕಿಂತ ಒಳ್ಳೆಯದು ಈವರೆಗೆ ಬಂದಿಲ್ಲ. ಗುಂಡಿನ ಮೇಲೆ ತಿರುಗುವ ಬಾಲ್ ಹೆಡ್ ಹಗುರವೇನೋ ಹೌದು, ಆದರೆ ಸಡಿಲಿಸಿದ ಕೂಡಲೇ ಸ್ಕೋಪ್ ಒಂದು ಪಕ್ಕಕ್ಕೆ ವಾಲುತ್ತದೆ. ಸ್ಕೋಪಿಗೆ ಅದು ಬೇಡ.

ಇದೆಲ್ಲ ಒರೆಗೆ ಹತ್ತುವುದು ರಣಹದ್ದುಗಳ ಎಣಿಕೆಯಲ್ಲಿ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧದಿಂದ ಈ ಹದ್ದುಗಳು ಸಾಯುತ್ತಿವೆ ಎಂದು 2004ರಲ್ಲಿ ಪಕ್ಕಾ ಆಯಿತು, 2006ರಲ್ಲಿ ಭಾರತ ಪಶು ಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು. ಈಗ ದಕ್ಷಿಣ ಭಾರತದಲ್ಲಿ ರಣಹದ್ದುಗಳು ಉಳಿದಿರುವ ಮುಖ್ಯ ನೆಲೆ ಮೋಯಾರ್ ಕಣಿವೆ ಮತ್ತು ಅದರ ಸುತ್ತಲಿನ ಬಂಡೀಪುರ, ಮುದುಮಲೈ, ವಯನಾಡು. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕ, ತಮಿಳುನಾಡು, ಕೇರಳ ಮೂರೂ ರಾಜ್ಯಗಳು ಒಂದೇ ಹೊತ್ತಿನಲ್ಲಿ, ಗೊತ್ತುಮಾಡಿದ ಎತ್ತರದ ಜಾಗಗಳಿಂದ ಎಣಿಸುತ್ತಿವೆ. ಬಂಡೆಯಂಚಿನಲ್ಲಿ ಕೂತದ್ದು ಉದ್ದ ಕೊಕ್ಕಿನದೋ ಬಿಳಿ ಬೆನ್ನಿನದೋ, ಬೆಳೆದದ್ದೋ ಮರಿಯೋ ಎಂದು ಕಮರಿಯ ಈಚೆಯಿಂದ ಹೇಳಬೇಕು. ಗಾಳಿ ಒಂದೇ ಸಮ ಬೀಸುತ್ತಿರುತ್ತದೆ. ಅನುಭವಿಗಳು ಆಗ ಕಾಲುಗಳನ್ನು ಅಗಲಿಸಿ, ತೆಳ್ಳನೆಯ ಕೊನೆಯ ತುಂಡನ್ನು ಒಳಗೇ ಬಿಟ್ಟು, ನೆಲದ ಮೇಲೆ ಕೂತು ನೋಡುತ್ತಾರೆ. ನೀರಿನ ಬಾಟಲಿ ತುಂಬಿದ ಚೀಲವನ್ನು ನಡುವೆ ನೇತುಹಾಕುತ್ತಾರೆ, ತೂಗಾಡದ ಹಾಗೆ ಅದರ ಬುಡ ನೆಲಕ್ಕೆ ತಾಕಿರಬೇಕು. ಬಿಸಿಲೇರಿ ಬಂಡೆ ಕಾದು ಗಾಳಿ ಕುದಿಯತೊಡಗಿದರೆ ಯಾವ ಟ್ರೈಪಾಡೂ ನೆರವಿಗೆ ಬರುವುದಿಲ್ಲ, ಕೆಲಸ ಬೆಳಗ್ಗೆಯೇ ಮುಗಿಯಬೇಕು.

ಈ ನಡುವೆ ಟ್ರೈಪಾಡಿನ ಅಗತ್ಯವನ್ನೇ ಪ್ರಶ್ನಿಸಿದ ಉಪಕರಣಗಳೂ ಬಂದಿವೆ. 2015ರಲ್ಲಿ ಬಂದ ನಿಕಾನ್ ಪಿ900 ಕ್ಯಾಮೆರಾ 83 ಪಟ್ಟು ಜೂಮ್ ಕೊಟ್ಟು, ನಮ್ಮ ಎಷ್ಟೋ ಪಕ್ಷಿಪ್ರಿಯರು ಸ್ಕೋಪಿನ ಆಸೆಯನ್ನೇ ಬಿಡುವಂತೆ ಮಾಡಿತು. ದಾಖಲೆಗೆ ಅದು ಒಳ್ಳೆಯದೇ. ಗಂಟೆಗಟ್ಟಲೆ ಒಂದು ಗೂಡನ್ನು ನೋಡುತ್ತ ಕೂರಲು, ಪಕ್ಕದವರಿಗೂ ತೋರಿಸಲು ಸ್ಕೋಪೇ ಬೇಕು. ಇನ್ನೊಂದು ಕಡೆ ಸ್ಕೋಪುಗಳೇ ಚಿಕ್ಕದಾಗಿವೆ. 2022ರಲ್ಲಿ ಸ್ವರೋವ್ಸ್ಕಿ ತಂದ, ಮುಂದಿನ ಮಸೂರ 56 ಮಿಲಿಮೀಟರ್ ಅಗಲದ ಸ್ಕೋಪ್ ಒಂದು ಕಿಲೋ ಒಳಗಿದೆ, 50 ಮಿಲಿಮೀಟರಿನ ಕೆಲವು ಅರ್ಧ ಕಿಲೋ ಕೂಡ ಇಲ್ಲ. ಬೆಟ್ಟ ಹತ್ತುವವರಿಗೆ ನಿಜವಾದ ಹಗುರತನ ಸಿಗುವುದು ಇಲ್ಲಿ: ಸ್ಕೋಪ್ ಚಿಕ್ಕದಾದರೆ ತಲೆಯೂ ಚಿಕ್ಕದು ಸಾಕು, ಕಾಲಿನ ಗಟ್ಟಿತನವನ್ನು ಬಿಟ್ಟುಕೊಡಬೇಕಾಗಿಲ್ಲ.

ನಮ್ಮ ಸೀಮೆಗೆ ನನ್ನ ಆಯ್ಕೆ ಇಷ್ಟು. 65 ಮಿಲಿಮೀಟರ್ ದಾಟದ ಸ್ಕೋಪ್, ಅದೂ ಕಣ್ಣಿಡುವ ಕಡೆ 45 ಡಿಗ್ರಿ ಓರೆಯಾಗಿರುವಂಥದ್ದು. ಬಗ್ಗಿ ನೋಡುವುದರಿಂದ ಟ್ರೈಪಾಡನ್ನು ಗಿಡ್ಡ ನಿಲ್ಲಿಸಬಹುದು, ಎತ್ತರದವರೂ ಗಿಡ್ಡನೆಯವರೂ ಒಂದರಲ್ಲೇ ನೋಡಬಹುದು. ಕಾಲು ಮೂರು ತುಂಡಿನದು, ಕಾರ್ಬನ್ನಿನದು, ನಡುಗಂಬ ಎತ್ತದೆಯೇ ಎದೆಮಟ್ಟಕ್ಕೆ ಬರುವಂಥದ್ದು, ಒಂದೂವರೆ ಕಿಲೋ ಆಸುಪಾಸು. ಅದರ ಮೇಲೆ ಅರ್ಧ ಕಿಲೋದ ಫ್ಲೂಯಿಡ್ ಹೆಡ್. ಸುವರ್ಣಾವತಿ ಜಲಾಶಯಕ್ಕೋ ಊರ ಕೆರೆಗೋ ಹೋಗಿ ಬರುವವರು ಕಾರ್ಬನ್ನಿಗೆ ದುಡ್ಡು ಸುರಿಯಬೇಕಿಲ್ಲ, ಅಲ್ಯೂಮಿನಿಯಂ ಧಾರಾಳವಾಗಿ ಸಾಕು.

ಗಣತಿ ನಡೆಸುವ ಸಂಘಗಳಿಗೂ ಅರಣ್ಯ ಇಲಾಖೆಗೂ ಒಂದು ವಿನಂತಿ. ಕಾಡಿನಲ್ಲಿ ಈ ಭಾರವನ್ನು ಕೊನೆಗೆ ಹೊರುವವರು ಹೆಚ್ಚಾಗಿ ಸೋಲಿಗ ಮತ್ತು ಜೇನುಕುರುಬ ಕಾವಲುಗಾರರು. ಹಕ್ಕಿಯನ್ನು ಮೊದಲು ಕಂಡು ತೋರಿಸುವವರೂ ಬಹಳ ಸಲ ಅವರೇ. ಮುಂದಿನ ಎಣಿಕೆಗೆ ಸ್ಕೋಪ್ ಕೊಳ್ಳುವಾಗ ಒಟ್ಟು ಹಣದಲ್ಲಿ ಮೂರನೇ ಒಂದು ಪಾಲನ್ನು ಟ್ರೈಪಾಡಿಗೆ ಮತ್ತು ತಲೆಗೆ ಎತ್ತಿಡಿ, ಕೊಳ್ಳುವ ಮೊದಲು ಅದನ್ನು ಆ ಕಾವಲುಗಾರರ ಹೆಗಲಿಗೆ ಕೊಟ್ಟು ಒಂದು ಬೆಟ್ಟ ಹತ್ತಿಸಿ, ಅವರನ್ನೇ ಕೇಳಿ.