ಬೆಂಕಿ ಎಲ್ಲೈತ್ಲಾ ಮಗ?

ಕಳೆದ ಯುಗಾದಿಗೆ ಪಾಂಡವಪುರದ ನಮ್ಮ ಮನೆಗೆ ಕನ್ವೆಕ್ಷನ್ ಓವನ್ ಬಂತು. ರಾಗಿ ಹಿಟ್ಟಿಗೆ ಬೆಲ್ಲ ಕಲಸಿ ಕೇಕ್ ಇಟ್ಟೆ. ಅಜ್ಜಿ ಗಾಜಿನ ಬಾಗಿಲ ಹತ್ತಿರ ಕೂತು ನೋಡ್ತಾ ನೋಡ್ತಾ ಕೇಳಿತು, "ಬೆಂಕಿ ಎಲ್ಲೈತ್ಲಾ ಮಗ? ಒಳ್ಗೆ ಬರೀ ಫ್ಯಾನು ತಿರುಗ್ತಾ ಐತಲ್ಲ!"

"ಕರೆಂಟಲ್ಲೈತೆ ಕಣಜ್ಜಿ" ಅಂದೆ. ಅಜ್ಜಿಗೆ ಸಮಾಧಾನ ಆಗಲಿಲ್ಲ. ಆಮೇಲೆ ಯೋಚಿಸಿದರೆ ನನಗೂ ಆಗಲಿಲ್ಲ. ಈ ಬೆಂಕಿ ನಮ್ಮ ಅಡುಗೆಮನೆಗೆ ಬಂದ ದಾರಿ ಬಲು ಸುತ್ತುದಾರಿ...

ನಮ್ಮೂರಿನ ಹಳೇ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿನ ಬಂಡೆಗಳ ಹತ್ತಿರ ಬೀಡು ಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಇದು 'ಫ್ರೆಂಚ್ ರಾಕ್ಸ್' ಆಯಿತು. ಅಂದರೆ ಬ್ರೆಡ್ಡೇ ಊಟ ಅನ್ನುವ ಜನ ಮುದ್ದೆ ಉಣ್ಣುವವರ ಪಕ್ಕದಲ್ಲೇ ಇದ್ದರು! 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಕೋಟೆಯೊಳಗೆ ಇಂಗ್ಲಿಷರ ದಂಡು ಕೂತಿತು. ಆದರೆ ಅಲ್ಲಿನ ಜ್ವರ ಅವರನ್ನು ಕೂರಲು ಬಿಡಲಿಲ್ಲ. 1809ರ ಹೊತ್ತಿಗೆ ದಂಡು ಬೆಂಗಳೂರಿಗೆ ಹೋಯಿತು. ಅಲ್ಲಿ ದಂಡುಪ್ರದೇಶ ಬೆಳೆಯಿತು, ಅದರ ಜೊತೆಗೇ ಬ್ರೆಡ್ಡು, ಕೇಕು, ಬಿಸ್ಕತ್ತು ಕೂಡ.

ಅದು ನಮ್ಮ ಕಡೆಗೆ ಮತ್ತೆ ಬಂದದ್ದು ಸೈನಿಕರ ಕೈಯಿಂದ ಅಲ್ಲ, ಅಯ್ಯಂಗಾರರ ಕೈಯಿಂದ. ಹಾಸನದ ಕಡೆಯ ತಿರುಮಲಾಚಾರ್ ಒಬ್ಬ ಇಂಗ್ಲಿಷಿನವನಿಂದ ಈ ವಿದ್ಯೆ ಕಲಿತು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರಂತೆ. 1898ರಲ್ಲಿ ಅಂತ ಹೇಳುತ್ತಾರೆ. ಮೊಟ್ಟೆ ಹಾಕದ ಬ್ರೆಡ್ಡು ಅಂದಮೇಲೆ ಮಡಿಯವರ ಮನೆಗೂ ಹೋಗಬಹುದಾಯಿತು. ಆಮೇಲೆ ಹಾಸನದ ಕಡೆಯವರು ಒಬ್ಬರ ಹಿಂದೆ ಒಬ್ಬರು ಇದೇ ಕಸುಬಿಗೆ ಇಳಿದರು. ಕೆ.ಆರ್. ಪೇಟೆ, ನಾಗಮಂಗಲ ಎರಡೂ ಹಾಸನ ಜಿಲ್ಲೆಗೆ ಅಂಟಿಕೊಂಡಿರುವ ತಾಲ್ಲೂಕುಗಳು. ನಾನು ಸಣ್ಣವನಿದ್ದಾಗ ಅಲ್ಲಿನ ಬಸ್ ಸ್ಟ್ಯಾಂಡಿನ ಪಕ್ಕ ಬೇಕರಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆದರೂ ಮನೆಗೆ ಬ್ರೆಡ್ಡು ಬರುತ್ತಿದ್ದದ್ದು ಯಾರಿಗಾದರೂ ಜ್ವರ ಬಂದಾಗ ಮಾತ್ರ. (ಬನ್ನಿಗೋಸ್ಕರ ಜ್ವರ ಬರಲಿ ಅಂತ ನಾನು ಬೇಡಿಕೊಂಡದ್ದೂ ಉಂಟು!)

ಸೌದೆ ಒಲೆಯ ಬೇಕರಿಯಲ್ಲಿ ಇಟ್ಟಿಗೆ ಗೂಡಿನೊಳಗೆ ಸೌದೆ ಉರಿಸಿ, ಕೆಂಡ ಎಳೆದು ಹಾಕಿ, ಇಟ್ಟಿಗೆ ಹೀರಿಕೊಂಡ ಕಾವಿನಲ್ಲೇ ಬೇಯಿಸುತ್ತಾರೆ. ಕಾವು ಜೋರಿದ್ದಾಗ ಬ್ರೆಡ್ಡು, ಇಳಿಯುತ್ತಾ ಬಂದಂತೆ ಬಿಸ್ಕತ್ತು, ಕೊನೆಗೆ ರಸ್ಕು. ಹಿಂದಿನ ಮೂಲೆಯ ತಟ್ಟೆ ಸೀದುಹೋಗದಂತೆ ಒಬ್ಬ ಆಳು ತಟ್ಟೆಗಳನ್ನು ಆಗಾಗ ಜಾಗ ಬದಲಾಯಿಸುತ್ತಿರಬೇಕು. ಕನ್ವೆಕ್ಷನ್ ಓವನ್ನಿನ ಫ್ಯಾನ್ ಮಾಡುವುದು ಇಷ್ಟೇ, ಆ ಆಳಿನ ಕೆಲಸ! ಬಿಸಿಗಾಳಿಯನ್ನೇ ಎಲ್ಲ ಮೂಲೆಗೂ ಸುತ್ತಿಸುತ್ತದೆ. ಅದಕ್ಕೇ 180 ಡಿಗ್ರಿ ಅಂತ ಬರೆದಿದ್ದರೆ ನಾವು 160ಕ್ಕೆ ಇಟ್ಟರೂ ಸಾಕು. 1945ರ ಸುಮಾರಿಗೆ ಅಮೆರಿಕದ ವಿಲಿಯಂ ಮ್ಯಾಕ್ಸನ್ ಇಂಥದೊಂದು ಓವನ್ ಮಾಡಿದ್ದು ವಿಮಾನದಲ್ಲಿ ಊಟ ಬಿಸಿ ಮಾಡುವುದಕ್ಕೆ.

ಇನ್ನು ಕರೆಂಟು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದರು. ಆ ಜಾಗ ಇವತ್ತು ನಮ್ಮ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲೇ ಇದೆ. ಆದರೆ ಆ ಕರೆಂಟು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ. ನದಿ ಹರಿಯುವ ಊರುಗಳಲ್ಲಿ ಸೀಮೆಎಣ್ಣೆ ಬುಡ್ಡಿಯೇ ಉರಿಯುತ್ತಿತ್ತು. ಅಜ್ಜಿ ಮದುವೆಯಾಗಿ ಬಂದಾಗಲೂ ಈ ಮನೆಯಲ್ಲಿ ಬಲ್ಬ್ ಇರಲಿಲ್ಲ. ಹಾಗಿರುವಾಗ ಬೆಂಕಿ ಎಲ್ಲಿದೆ ಅಂತ ಕೇಳುವ ಹಕ್ಕು ಅದಕ್ಕೆ ಇಲ್ಲವೇ?

ಇದನ್ನೆಲ್ಲ ಅಜ್ಜಿಗೆ ಹೇಳುತ್ತಿದ್ದ ಹಾಗೇ ಪಟ್ ಅಂತ ಕರೆಂಟು ಹೋಯಿತು! ಇಪ್ಪತ್ತು ನಿಮಿಷ ಬೆಂದಿದ್ದ ಕೇಕು ನಡುವೆ ಕುಸಿದು ಹಳ್ಳ ಬಿತ್ತು. ಅಜ್ಜಿ ನಗಲಿಲ್ಲ. "ಉಳ್ದಿರೋ ಹಿಟ್ನ ಸಣ್ಣ ತಪ್ಲೇಲಿ ಹಾಕ್ಲಾ. ಕೆಳ್ಗೂ ಕೆಂಡ, ಮುಚ್ಚಳದ ಮ್ಯಾಲೂ ಕೆಂಡ" ಅಂತು. ಹಿತ್ತಲ ಒಲೆಯಲ್ಲಿ ಹಾಗೇ ಮಾಡಿದೆವು. ತಳ ಸ್ವಲ್ಪ ಸೀದಿತ್ತು, ಆದರೆ ಮೇಲೆ ಚೆನ್ನಾಗಿ ಉಬ್ಬಿತ್ತು.

ಓವನ್ ಬರುವ ಮುಂಚೆ ಅಮ್ಮ ಕುಕ್ಕರಿಗೆ ಮರಳು ಹಾಕಿ, ವೆಯ್ಟ್ ತೆಗೆದು ಕೇಕ್ ಮಾಡುತ್ತಿದ್ದರು. ಅದಕ್ಕೂ ಮೊದಲು ಕೆಂಡದ ಮುಚ್ಚಳ ಗೊತ್ತಿತ್ತು ಅಂತ ನನಗೆ ತಿಳಿದದ್ದು ಆವತ್ತೇ. ಓವನ್ ಅನ್ನುವ ಡಬ್ಬಿ ದಂಡಿನವರ ಜೊತೆ ಬಂದಿರಬಹುದು. ಮೇಲೂ ಕೆಳಗೂ ಕಾವು ಕೊಡುವ ಉಪಾಯ ಅಜ್ಜಿಗೆ ಯಾರೂ ಹೊರಗಿನವರು ಹೇಳಿಕೊಟ್ಟದ್ದಲ್ಲ. ಅದನ್ನು ನಾನು ಮೊದಲೇ ಕೇಳಬೇಕಿತ್ತು.

ನಿಮ್ಮ ಮನೆಯಲ್ಲಿ ಓವನ್ ಬರುವ ಮುಂಚೆ ಹೇಗೆ ಮಾಡುತ್ತಿದ್ದರು? ಹಿರಿಯರಿದ್ದರೆ ಇವತ್ತೇ ಕೇಳಿ.